ಕೌಡರ್‌ವೆಲ್ಶ್: ಒಂದು ಊರಿನ ಮಾತು ‘ತಲೆಬುಡವಿಲ್ಲದ ಮಾತು’ ಆದದ್ದು ಹೇಗೆ

ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೆ ಹೋದ ಚಳಿಗಾಲದಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯಿಂದ ನಾಲ್ಕು ಪುಟದ ಕಾಗದ ಬಂತು. ನಾನು ಜರ್ಮನ್ ಕಲಿತು ಏಳು ವರ್ಷವಾಗಿದೆ. ಆಫೀಸು, ಅಂಗಡಿ, ಮಗಳ ಶಾಲೆ, ಎಲ್ಲ ಕಡೆ ಮಾತು ನಡೆಯುತ್ತದೆ. ಆದರೆ ಆ ಕಾಗದವನ್ನು ಮೂರು ಸಲ ಓದಿದರೂ ದುಡ್ಡು ನಾವು ಕಟ್ಟಬೇಕಾ, ಅವರು ಕೊಡುತ್ತಾರಾ ಅನ್ನೋದೇ ಗೊತ್ತಾಗಲಿಲ್ಲ. ಒಂದೊಂದು ವಾಕ್ಯವೂ ಐದಾರು ಸಾಲು ಇತ್ತು. ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತು ಅನ್ನೋದು ಮರೆತಿರುತ್ತಿತ್ತು.

ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಕಾಗದ ಹಿಡಿದು ಅವರ ಹತ್ತಿರ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಎರಡನೇ ಪುಟದ ನಡುವೆ ಬೆರಳು ನಿಂತಿತು. ಕನ್ನಡಕ ತೆಗೆದಿಟ್ಟು ಹೇಳಿದರು: ‘ದಸ್ ಇಸ್ಟ್ ಯಾ ಕೌಡರ್‌ವೆಲ್ಶ್!’ ಇದು ಬರೀ ತಲೆಬುಡವಿಲ್ಲದ ಮಾತು, ಅಂತ. ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಹೇಳತೀರದು. ತಪ್ಪು ನನ್ನ ಜರ್ಮನ್‌ನದಲ್ಲ, ಕಾಗದದ್ದು.

ಅದಾದ ಎರಡು ತಿಂಗಳಿಗೆ ಅದೇ ಪದ ಇನ್ನೊಮ್ಮೆ ಕಿವಿಗೆ ಬಿತ್ತು. ಟ್ರೇನಿನಲ್ಲಿ ಕೂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ನಮ್ಮದು ಬೇಲೂರು ಕಡೆ. ಕಾಫಿ ಕೊಯ್ಲು ಮುಗಿಯಿತಾ, ಆಳು ಸಿಕ್ಕರಾ, ಮಂಡಿನೋವು ಹೇಗಿದೆ, ಇಂಥ ಮಾತು. ಎದುರು ಸೀಟಿನಲ್ಲಿದ್ದ ಹಿರಿಯರೊಬ್ಬರು ಹೆಂಡತಿಯ ಕಡೆ ವಾಲಿ ಮೆಲ್ಲಗೆ ಅಂದರು: ‘ವಸ್ ಫ್ಯೂರ್ ಐನ್ ಕೌಡರ್‌ವೆಲ್ಶ್.’ ಎಂಥ ಅರ್ಥವಿಲ್ಲದ ಮಾತಪ್ಪಾ ಇದು, ಅಂತ. ಬೈಗುಳದ ದನಿಯಲ್ಲ ಅದು. ಮುಖದಲ್ಲಿ ನಗೆ ಇತ್ತು. ಆದರೂ ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಅಮ್ಮನ ಮಂಡಿನೋವಿನ ಮಾತು ಅರ್ಥವಿಲ್ಲದ ಮಾತಾ?

ಒಂದೇ ಪದ. ಒಂದು ಸಲ ನನ್ನ ಪರವಾಗಿ ನಿಂತಿತು, ಇನ್ನೊಂದು ಸಲ ನನ್ನ ಭಾಷೆಯನ್ನೇ ಸದ್ದು ಮಾಡಿಬಿಟ್ಟಿತು. ಈ ಪದದ ಬೆನ್ನು ಹತ್ತಿದ್ದು ಹಾಗೆ. ಹತ್ತಿದ ಮೇಲೆ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ ಒಂದು ಊರು, ಅಲ್ಲಿ ಸುಟ್ಟುಹೋದ ಬೀದಿಗಳು, ಇವತ್ತಿಗೂ ಉಸಿರಾಡುತ್ತಿರುವ ಒಂದು ಭಾಷೆ.

ಮೊದಲು ಬಳಕೆಯ ಮಾತು. ಕೆಲಸಕ್ಕೆ ಬಾರದ ಮಾತಿಗೆ ಜರ್ಮನ್‌ನಲ್ಲಿ ಪದಗಳಿಗೇನೂ ಬರವಿಲ್ಲ. ದಿನಕ್ಕೆ ಹತ್ತು ಸಲ ಕೇಳಿಸುವುದು ‘ಕ್ವಾಚ್’. ‘ಉನ್‌ಜಿನ್’ ಇದೆ, ಅರ್ಥಹೀನ ಅಂತ ನೇರವಾಗಿ. ‘ಷ್ಟುಸ್’ ಇದೆ, ಅದು ಹೀಬ್ರೂವಿನಿಂದ ಯಿಡ್ಡಿಷ್ ಹಾದು ಬಂದದ್ದು. ಬವೇರಿಯ, ಆಸ್ಟ್ರಿಯ ಕಡೆ ‘ಷ್ಮಾರ್ನ್’ ಅನ್ನುತ್ತಾರೆ. ಬಾಣಲೆಯಲ್ಲೇ ಹರಿದು ತುಂಡು ತುಂಡು ಮಾಡುವ ಒಂದು ಸಿಹಿ ದೋಸೆಗೂ ಅದೇ ಹೆಸರು. ಇವೆಲ್ಲ ಕನ್ನಡದ ಬುರುಡೆ, ಬೊಗಳೆ, ಕಾಡುಹರಟೆಯ ಸಾಲಿನವು. ಹೇಳಿದ್ದು ಅರ್ಥವಾಗಿದೆ, ಆದರೆ ಅದು ಸುಳ್ಳು ಅಥವಾ ಮೂರ್ಖತನ ಅನ್ನುವಾಗ ಬರುವ ಮಾತುಗಳು.

ಕೌಡರ್‌ವೆಲ್ಶ್ ಬೇರೆ. ಇಲ್ಲಿ ಮಾತು ಸುಳ್ಳಾ ನಿಜವಾ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಅರ್ಥವೇ ಆಗಿಲ್ಲವಲ್ಲ! ವಕೀಲರ ನೋಟಿಸು, ಡಾಕ್ಟರ ಚೀಟಿ, ಕಂಪ್ಯೂಟರಿನವರ ಮಾತು, ಮೂರು ಭಾಷೆ ಕಲಸಿದ ಮಾತು, ಹೊರಗಿನವರ ಮಾತು, ಎಲ್ಲಕ್ಕೂ ಇದೇ ಹೆಸರು. ‘ವಕೀಲರ ಕೌಡರ್‌ವೆಲ್ಶ್’ ಅಂತ ಪತ್ರಿಕೆಯಲ್ಲೂ ಬರೆಯುತ್ತಾರೆ. ‘ಕೌಡರ್‌ವೆಲ್ಶನ್’ ಅಂತ ಕ್ರಿಯಾಪದವೂ ಇದೆ. ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರದ್ದು ‘ತಲೆಬುಡವಿಲ್ಲದ ಮಾತು’. ಬುರುಡೆ ಅಂದಾಗ ನಾವು ಮಾತಾಡಿದವನನ್ನು ತೂಗುತ್ತೇವೆ. ಕೌಡರ್‌ವೆಲ್ಶ್ ಅಂದಾಗ ಕೇಳಿದವರ ಕಿವಿಯೂ ತಕ್ಕಡಿಗೆ ಬೀಳುತ್ತದೆ. ಈ ವ್ಯತ್ಯಾಸ ನೆನಪಿರಲಿ. ಪದದ ಹುಟ್ಟಿನಲ್ಲೇ ಅದು ಇದೆ.

ವೆಲ್ಶ್ ಅಂದರೆ ಯಾರು?

ಪದವನ್ನು ಎರಡಾಗಿ ಒಡೆದು, ಹಿಂದಿನ ತುಂಡನ್ನು ಮೊದಲು ನೋಡೋಣ. ಅದು ಸುಲಭ, ಜೊತೆಗೆ ತುಂಬ ದೂರ ಕರೆದುಕೊಂಡು ಹೋಗುತ್ತದೆ.

ಸೀಸರನ ಬರಹದಲ್ಲಿ ವೋಲ್ಕೆ ಎಂಬ ಕೆಲ್ಟಿಕ್ ಬುಡಕಟ್ಟಿನ ಹೆಸರು ಬರುತ್ತದೆ. ಪಕ್ಕದಲ್ಲಿದ್ದ ಜರ್ಮನಿಕ್ ಜನ ಆ ಹೆಸರನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ‘ವಲ್ಹ್’ ಎಂದರು. ಮೊದಲು ಅದು ಒಂದು ಬುಡಕಟ್ಟಿನ ಹೆಸರು. ಆಮೇಲೆ ಎಲ್ಲ ಕೆಲ್ಟಿಕ್ ಜನರ ಹೆಸರು. ಆ ನಾಡುಗಳಿಗೆ ರೋಮನ್ನರು ಬಂದು ಲ್ಯಾಟಿನ್ ಹರಡಿದ ಮೇಲೆ ಲ್ಯಾಟಿನ್ ಆಡುವವರ ಹೆಸರು. ಒಟ್ಟಿನಲ್ಲಿ ‘ಗಡಿಯಾಚೆ ಇರುವವರು, ನಮ್ಮ ಮಾತು ಆಡದವರು’ ಅಂತ.

ಈ ಒಂದು ಪದ ಯೂರೋಪಿನ ನಕ್ಷೆಯ ತುಂಬ ಹರಡಿಕೊಂಡಿದೆ. ಬ್ರಿಟನ್ನಿನ ವೇಲ್ಸ್, ಕಾರ್ನ್‌ವಾಲ್‌ನ ಕೊನೆಯ ತುಂಡು, ಬೆಲ್ಜಿಯಂನ ವಲೋನಿಯ, ರುಮೇನಿಯದ ವಲಾಕಿಯ, ಎಲ್ಲವೂ ಅದೇ. ಪೋಲೆಂಡಿನವರು ಇಟಲಿಯನ್ನು ‘ವ್ವೋಹಿ’ ಅನ್ನುತ್ತಾರೆ, ಅದೂ ಇದೇ. ನಾವು ಅಂಗಡಿಯಲ್ಲಿ ಕೊಳ್ಳುವ ವಾಲ್‌ನಟ್ ಕೂಡ ‘ಪರನಾಡಿನ ಕಾಯಿ’. ಸ್ವಿಟ್ಜರ್ಲೆಂಡಿನ ಜರ್ಮನ್ ಮಾತಿನವರು ಇವತ್ತಿಗೂ ತಮ್ಮ ಫ್ರೆಂಚ್ ಮಾತಿನ ದೇಶವಾಸಿಗಳನ್ನು ‘ವೆಲ್ಶ್’ ಅನ್ನುತ್ತಾರೆ. ವೇಲ್ಸ್ ಜನರ ವಿಷಯ ನೆನೆದರೆ ಮನಸ್ಸಿಗೆ ಚುರ್ರೆನ್ನುತ್ತದೆ. ಅವರದೇ ನೆಲದಲ್ಲಿ, ಆಮೇಲೆ ಬಂದವರು ಅವರನ್ನು ‘ಹೊರಗಿನವರು’ ಎಂದು ಕರೆದರು. ಲೋಕಕ್ಕೆ ಅದೇ ಹೆಸರು ಗೊತ್ತು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಕಮ್ರಿ’ ಅಂತ. ಅಂದರೆ ಒಂದೇ ನಾಡಿನವರು.

ಜರ್ಮನ್‌ನಲ್ಲಿ ಇನ್ನೊಂದು ವೆಲ್ಶ್ ಇದೆ, ‘ರೋಟ್‌ವೆಲ್ಶ್’. ಭಿಕ್ಷುಕರು, ಊರೂರು ಅಲೆಯುವವರು, ಕಳ್ಳರು ತಮ್ಮತಮ್ಮಲ್ಲೇ ಆಡುತ್ತಿದ್ದ ಗುಟ್ಟಿನ ಭಾಷೆ. 1510ರ ಸುಮಾರಿಗೆ ಅದರ ಪದಗಳ ಪಟ್ಟಿಯಿರುವ ಪುಸ್ತಕ ಅಚ್ಚಾಯಿತು. 1528ರ ಮುದ್ರಣಕ್ಕೆ ಮಾರ್ಟಿನ್ ಲೂಥರ್ ಮುನ್ನುಡಿ ಬರೆದ. ಅಲ್ಲಿಯೂ ವೆಲ್ಶ್ ಅಂದರೆ ‘ನಮಗೆ ತಿಳಿಯದ ಮಾತು’ ಅಂತಲೇ.

ಕೌಡರ್ ಎಲ್ಲಿಂದ?

ಇಲ್ಲಿ ಎರಡು ದಾರಿ ಇವೆ.

ಒಂದು ದಾರಿ ಕೂರ್ ಎಂಬ ಊರಿಗೆ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ಪೂರ್ವಕ್ಕೆ, ಬೆಟ್ಟಗಳ ನಡುವೆ, ಗ್ರೌಬ್ಯುಂಡನ್ ಪ್ರಾಂತ್ಯದ ರಾಜಧಾನಿ. ಜರ್ಮನ್ ಬರವಣಿಗೆಯಲ್ಲಿ ಮೊದಲ ಅಕ್ಷರಗಳನ್ನು ನೋಡಿ ಚೂರ್ ಅನ್ನಬೇಕು ಅನಿಸುತ್ತದೆ, ಆದರೆ ಅನ್ನುವುದು ಕೂರ್. ರೋಮನ್ನರ ಕಾಲದಲ್ಲಿ ಅದು ‘ಕುರಿಯಾ’. ಅಲ್ಲಿಯ ಜನ ಆಡುತ್ತಿದ್ದ, ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಯನ್ನು ಜರ್ಮನ್ ಮಾತಿನವರು ‘ಕೂರ್‌ವೆಲ್ಶ್’ ಅನ್ನುತ್ತಿದ್ದರು. ಕೂರ್ ಊರಿನ ವೆಲ್ಶ್, ಅಷ್ಟೇ. ಪೂರ್ವದ ಪಕ್ಕದ ನಾಡು ಟಿರೋಲ್. ಅಲ್ಲಿಯ ಆಡುಮಾತಿನಲ್ಲಿ ಕೂರ್ ಊರಿಗೆ ‘ಕೌವರ್’ ಅಂತ ಹೆಸರು. ಹಳೆಯ ಜರ್ಮನ್‌ನ ಎಳೆದ ‘ಊ’ ಆ ಕಡೆ ‘ಔ’ ಆಗುತ್ತಿತ್ತು. ‘ಮೂಸ್’ ಅಂತಿದ್ದ ಇಲಿ ‘ಮೌಸ್’ ಆದದ್ದೂ ಹಾಗೇ. ಹಾಗಾಗಿ ಟಿರೋಲಿನ ಬಾಯಲ್ಲಿ ಕೂರ್‌ವೆಲ್ಶ್ ಅನ್ನೋದು ಕೌವರ್‌ವೆಲ್ಶ್, ಆಮೇಲೆ ಕೌಡರ್‌ವೆಲ್ಶ್.

ಇನ್ನೊಂದು ದಾರಿ ‘ಕೌಡರ್ನ್’ ಎಂಬ ಹಳೆಯ ಕ್ರಿಯಾಪದದ್ದು. ಟರ್ಕಿ ಕೋಳಿಯ ಗಡಗಡ ಕೂಗಿಗೆ ಅದನ್ನು ಬಳಸುತ್ತಿದ್ದರು. ನಾರು, ಅಗಸೆ ಹೊತ್ತು ಮಾರುತ್ತ ದಲ್ಲಾಳಿ ಕೆಲಸ ಮಾಡುವುದಕ್ಕೂ ಅದೇ ಮಾತು. ಇಟಲಿ ಕಡೆಯಿಂದ ಗಂಟು ಹೊತ್ತು ಬಂದ ವ್ಯಾಪಾರಿಗಳ ಹರಕುಮುರುಕು ಮಾತಿಗೆ ಈ ಹೆಸರು ಬಂತು ಅನ್ನುವುದು ಈ ದಾರಿಯವರ ವಾದ.

ನನಗೆ ಮೊದಲನೆಯದೇ ಸರಿ ಅನಿಸುತ್ತದೆ. ಕೂರ್‌ವೆಲ್ಶ್ ಅನ್ನುವುದು ಶತಮಾನಗಳ ಕಾಲ ನಿಜವಾಗಿ ಬಳಕೆಯಲ್ಲಿದ್ದ ಹೆಸರು. ಟಿರೋಲಿನ ಕೌವರ್ ಕೂಡ ಊಹೆಯಲ್ಲ. ನಡುವೆ ‘ಡ’ ನುಸುಳಿದ್ದಕ್ಕೆ ಕೋಳಿ ಕೂಗಿನ ಕೌಡರ್ನ್ ನೆರವಾಗಿರಬೇಕು. ಜನರ ಬಾಯಿ ಹಾಗೆ ತಾನೇ? ಅರ್ಥ ಗೊತ್ತಿಲ್ಲದ ಹೆಸರನ್ನು ಗೊತ್ತಿರುವ ಸದ್ದಿನ ಕಡೆಗೆ ಎಳೆದುಕೊಳ್ಳುತ್ತದೆ. ಡಚ್ಚರು ಇದೇ ಪದವನ್ನು ಎರವಲು ತಂದಾಗ ‘ಕೂಟರ್‌ವಾಲ್ಸ್’ ಮಾಡಿಕೊಂಡರು. ವಾಲ್ಸ್ ಅಂದರೆ ಅವರ ಪಕ್ಕದ ವಲೋನಿಯದವರ ಮಾತು. ಕೂರ್ ಊರನ್ನು ಕಂಡರಿಯದವರ ಬಾಯಲ್ಲಿ ಅದು ಪಕ್ಕದ ಮನೆಯವರ ಹೆಸರಾಯಿತು.

ಊರಿನಲ್ಲಿ ಏನಾಯಿತು

ಈಗ ಊರಿಗೇ ಹೋಗೋಣ, ಯಾಕೆಂದರೆ ಪದದ ನೋವಿರುವುದು ಅಲ್ಲಿ.

ಕ್ರಿಸ್ತಪೂರ್ವ 15ರಲ್ಲಿ ಆಗಸ್ಟಸ್ ಚಕ್ರವರ್ತಿಯ ಮಲಮಕ್ಕಳಾದ ಡ್ರೂಸಸ್ ಮತ್ತು ಟೈಬೀರಿಯಸ್ ಆ ಬೆಟ್ಟದ ನಾಡನ್ನು ಗೆದ್ದರು. ರೇಷಿಯ ಅಂತ ಅದರ ಹೆಸರು. ಸೈನಿಕರ ಜೊತೆ, ವ್ಯಾಪಾರಿಗಳ ಜೊತೆ ಲ್ಯಾಟಿನ್ ಬಂತು. ಕಣಿವೆಗಳಲ್ಲಿ ಉಳಿದು, ಬೆಳೆದು, ತನ್ನದೇ ರೂಪ ತಾಳಿತು. ಇವತ್ತು ಅದನ್ನು ರೊಮಾನ್ಶ್ ಅನ್ನುತ್ತಾರೆ. ಕೂರ್‌ಗೆ ಬಿಷಪ್ ಇದ್ದ ಮೊದಲ ಉಲ್ಲೇಖ 451ನೇ ಇಸವಿಯದು. ಓದುವಾಗ ನಾನು ಒಂದು ಗಳಿಗೆ ಅಲ್ಲೇ ನಿಂತೆ. ನಮ್ಮ ಬೇಲೂರಿನ ಪಕ್ಕದ ಹಲ್ಮಿಡಿ ಶಾಸನಕ್ಕೆ ಸಾಮಾನ್ಯವಾಗಿ ಹೇಳುವ ಕಾಲ ಸುಮಾರು 450. ಅಲ್ಲಿ ಕಲ್ಲಿನ ಮೇಲೆ ಕನ್ನಡ ಮೂಡುತ್ತಿದ್ದ ಹೊತ್ತಿನಲ್ಲಿ, ಇಲ್ಲಿ ಈ ಬೆಟ್ಟದ ಊರಿನಲ್ಲಿ ಲ್ಯಾಟಿನ್ ಮಾತಾಡುವ ಜನ ತಮ್ಮ ಚರ್ಚಿಗೆ ಹೋಗುತ್ತಿದ್ದರು.

ಮೊದಲು ಕೂರ್‌ನ ಚರ್ಚು ಮಿಲಾನಿನ ಕೆಳಗಿತ್ತು. ಬೆಟ್ಟದ ದಕ್ಷಿಣಕ್ಕೆ, ಲ್ಯಾಟಿನ್ ಸಂತಾನದ ಭಾಷೆಗಳ ಕಡೆಗೆ ಅದರ ಮುಖ. 843ರಲ್ಲಿ ಫ್ರಾಂಕ್ ಸಾಮ್ರಾಜ್ಯ ಹಂಚಿಕೆಯಾದಾಗ ಅದನ್ನು ಜರ್ಮನಿಯ ಮೈಂಜ್‌ಗೆ ಸೇರಿಸಿದರು. ಮುಖ ಉತ್ತರಕ್ಕೆ ತಿರುಗಿತು. ಬಿಷಪ್ಪರು, ಜಮೀನ್ದಾರರು, ಅಧಿಕಾರಿಗಳು ಜರ್ಮನ್ ಮಾತಾಡುವವರಾದರು. ಮೇಲಿನವರ ಭಾಷೆ ಒಂದು, ಕೆಳಗಿನವರ ಭಾಷೆ ಇನ್ನೊಂದು. ಆರು ನೂರು ವರ್ಷ ಹಾಗೇ ನಡೆಯಿತು.

1464ರ ಏಪ್ರಿಲ್ 27ರಂದು ಊರಿಗೆ ಬೆಂಕಿ ಬಿತ್ತು. ಊರಿನ ಬಹುಭಾಗ ಸುಟ್ಟುಹೋಯಿತು. ಮತ್ತೆ ಕಟ್ಟಬೇಕು ಅಂದರೆ ಬಡಗಿಗಳು, ಕಲ್ಲು ಕೆಲಸದವರು, ಕಮ್ಮಾರರು ಬೇಕು. ಬಂದವರು ಉತ್ತರದಿಂದ ಬಂದರು, ಜರ್ಮನ್ ಮಾತಿನವರು. ಕಟ್ಟಿದರು, ಅಲ್ಲೇ ಉಳಿದರು. ಮರುವರ್ಷವೇ ಕಸುಬುದಾರರ ಸಂಘಗಳ ಕೈಗೆ ಊರಿನ ಆಡಳಿತ ಬಂತು. ಸಂತೆ, ಪಂಚಾಯಿತಿ, ಲೆಕ್ಕಪತ್ರ, ಎಲ್ಲ ಜರ್ಮನ್. ರೊಮಾನ್ಶ್ ಮಾತಿನವರಿದ್ದ ಒಂದು ಕೇರಿ ಪ್ಲೆಸ್ಸೂರ್ ಹೊಳೆಯಾಚೆ, ಊರಗೋಡೆಯ ಹೊರಗೆ ಉಳಿಯಿತು. ಅದರ ಹೆಸರು ‘ವೆಲ್ಶ್‌ಡ್ಯೋರ್‌ಫ್ಲಿ’. ವೆಲ್ಶ್ ಜನರ ಪುಟ್ಟ ಹಳ್ಳಿ. ಆ ನೆಲದ ಹಳೇ ಮಾತು ಆಡುವವರು ಅದೇ ನೆಲದಲ್ಲಿ ‘ಹೊರಗಿನವರು’ ಆದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೆಂಕಿ ಬಿದ್ದು ಭಾಷೆ ಸತ್ತಿತು ಅಂತ ಕತೆ ಹೇಳುವುದು ಸುಲಭ. ಆದರೆ ಬೆಂಕಿ ಒಂದು ಬಾಗಿಲು ತೆರೆಯಿತು, ಅಷ್ಟೇ. ದುಡ್ಡು, ಅಧಿಕಾರ, ಕೆಲಸ ಯಾವ ಭಾಷೆಯಲ್ಲಿ ಸಿಗುತ್ತದೋ ಆ ಕಡೆಗೆ ಜನ ಆಗಲೇ ನಡೆಯುತ್ತಿದ್ದರು. ಬೆಂಗಳೂರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟಿರೋಲ್ ಕಡೆ ನಡೆದದ್ದು ಇನ್ನೂ ಕಠಿಣ. ಮೇಲಿನ ವಿನ್ಷ್‌ಗೌ ಕಣಿವೆಯಲ್ಲೂ ರೊಮಾನ್ಶ್ ಆಡುತ್ತಿದ್ದರು. ಪಕ್ಕದ ಗ್ರೌಬ್ಯುಂಡನ್‌ನ ಬಹಳ ಜನ ಪ್ರಾಟೆಸ್ಟಂಟರಾದ ಮೇಲೆ, ಈ ಕಡೆಯ ಕ್ಯಾಥೊಲಿಕ್ ಮಠದವರಿಗೆ ಆ ಭಾಷೆಯೇ ಅನುಮಾನದ ವಸ್ತುವಾಯಿತು. 17ನೇ ಶತಮಾನದಲ್ಲಿ ಮರೀನ್‌ಬೆರ್ಗ್ ಮಠದ ಹಿಡಿತದ ಊರುಗಳಲ್ಲಿ ಅದನ್ನು ಆಡಬಾರದು ಅಂತ ಒತ್ತಾಯ ಬಂತು. ಕಾಲ ಸರಿದ ಹಾಗೆ ಕಣಿವೆಯಲ್ಲಿ ಅದು ಅಳಿಸಿಹೋಯಿತು. ಕೌಡರ್‌ವೆಲ್ಶ್ ಎಂಬ ಪದ ಕೊಟ್ಟದ್ದು ಈ ಗಡಿನಾಡು. ಪಕ್ಕದ ಮನೆಯವರಿಗೂ ಕೇಳಿಸುತ್ತಿದ್ದ ಮಾತು ಅದು. ದೂರದವರಿಗಿಂತ ಪಕ್ಕದವರ ತಾತ್ಸಾರ ಜಾಸ್ತಿ ನೋಯಿಸುತ್ತದೆ.

16ನೇ ಶತಮಾನದ ಸ್ವಿಸ್ ಇತಿಹಾಸಕಾರ ಎಗಿಡಿಯುಸ್ ಚೂಡಿ ಕೂರ್‌ವೆಲ್ಶ್ ಬರೆಯಲಾಗದ ಭಾಷೆ ಅಂದ. ಆದರೆ 1527ರಲ್ಲೇ ಜಾನ್ ಟ್ರಾವೆರ್ಸ್ ಎಂಬಾತ ರೊಮಾನ್ಶ್‌ನಲ್ಲಿ ಯುದ್ಧದ ಲಾವಣಿ ಬರೆದಿದ್ದ. 1560ರಲ್ಲಿ ಯಾಕಿಯಾಂ ಬಿಫ್ರುನ್ ಹೊಸ ಒಡಂಬಡಿಕೆಯನ್ನು ಇಡಿಯಾಗಿ ಅನುವಾದಿಸಿ ಅಚ್ಚು ಹಾಕಿಸಿದ. ಇದಕ್ಕೂ ಸುಮಾರು ಐನೂರು ವರ್ಷ ಹಿಂದೆ, ಒಬ್ಬ ಲಿಪಿಕಾರ ಲೇಖನಿ ಸರಿಯಿದೆಯಾ ಅಂತ ನೋಡಲು ಲ್ಯಾಟಿನ್ ಹಸ್ತಪ್ರತಿಯೊಂದರಲ್ಲಿ ಗೀಚಿದ ಸಾಲೊಂದು ವ್ಯುರ್ಜ್‌ಬುರ್ಗ್‌ನಲ್ಲಿ ಸಿಕ್ಕಿದೆ. ರೊಮಾನ್ಶ್‌ನ ಅತಿ ಹಳೆಯ ಸಾಲು ಅದೇ ಅನ್ನುತ್ತಾರೆ. ಅದರಲ್ಲಿ ‘ಮುಸ್ಕಾ’, ಅಂದರೆ ನೊಣ, ಎಂಬ ಪದವಿದೆ. ಯಾರೋ ಒಬ್ಬ, ಕೆಲಸದ ನಡುವೆ, ಸುಮ್ನೆ, ಮನೆಮಾತಿನಲ್ಲಿ ಒಂದು ಸಾಲು ಗೀಚಿದ್ದಾನೆ. ಪೆನ್ನು ಕೊಳ್ಳುವಾಗ ಅಂಗಡಿಯಲ್ಲಿ ನಾವು ನಮ್ಮ ಹೆಸರು ಬರೆದು ನೋಡುವುದಿಲ್ವಾ, ಹಾಗೆ.

ಆ ಭಾಷೆ ಹೇಗೆ ಕೇಳಿಸುತ್ತದೆ? ಒಂದರಿಂದ ಐದು ಎಣಿಸಿದರೆ: ಇನ್, ದುಸ್, ತ್ರಾಯ್ಸ್, ಕ್ವಾಟರ್, ಚಿಂಚ್. ‘ಬುನ್ ದಿ’ ಅಂದರೆ ಶುಭದಿನ. ‘ಕೊ ವಾಯ್?’ ಅಂದರೆ ಹೇಗಿದ್ದೀರಿ. ಸ್ವಲ್ಪ ಇಟಾಲಿಯನ್ ಅಥವಾ ಸ್ಪ್ಯಾನಿಷ್ ಬಲ್ಲವರಿಗೆ ಇದು ಚಿಕ್ಕಮ್ಮನ ಮನೆಯ ಮಾತಿನ ಹಾಗೆ ಕೇಳಿಸುತ್ತದೆ. ಇದರಲ್ಲಿ ಅರ್ಥವಿಲ್ಲದ್ದು ಯಾವುದೂ ಇಲ್ಲ.

ನಮ್ಮಲ್ಲೂ ಇದೆ

ಬೇರೆಯವರ ಮಾತನ್ನು ಸದ್ದು ಅಂತ ಕರೆದದ್ದು ಜರ್ಮನ್ನರು ಮಾತ್ರ ಅಲ್ಲ. ಗ್ರೀಕರಿಗೆ ಪರಭಾಷೆಯವರ ಮಾತು ‘ಬರ್ ಬರ್’ ಅಂತ ಕೇಳಿಸಿತು, ‘ಬಾರ್ಬರೋಸ್’ ಅಂದರು. ಸ್ಲಾವ್ ಜನ ಜರ್ಮನ್ನರನ್ನೇ ‘ಮೂಗರು’ ಅಂದರು. ಪೋಲಿಷ್‌ನಲ್ಲಿ ಜರ್ಮನಿಗೆ ಇವತ್ತಿಗೂ ‘ನ್ಯೆಮ್ತ್ಸಿ’ ಅಂತಲೇ ಹೆಸರು. ಮೂಗ ಅನ್ನುವ ಪದದಿಂದ ಬಂದದ್ದು.

ನಮ್ಮಲ್ಲಿ ‘ಮ್ಲೇಚ್ಛ’ ಇದೆ. ಆ ಧಾತುವಿಗೆ ಅಸ್ಪಷ್ಟವಾಗಿ ಮಾತಾಡು ಅಂತ ಅರ್ಥ. ಪತಂಜಲಿಯ ಮಹಾಭಾಷ್ಯದಲ್ಲಿ ಒಂದು ಪ್ರಸಂಗ ಬರುತ್ತದೆ. ಅಸುರರು ‘ಹೇ ಅರಯಃ’ ಅನ್ನುವ ಬದಲು ‘ಹೇಲಯಃ ಹೇಲಯಃ’ ಅಂದರಂತೆ. ರ ಬದಲು ಲ. ಅಷ್ಟಕ್ಕೇ ಸೋತರು. ಆದ್ದರಿಂದ ಮ್ಲೇಚ್ಛರಾಗಬೇಡಿ, ವ್ಯಾಕರಣ ಕಲಿಯಿರಿ ಅಂತ ಉಪದೇಶ. ಆ ಅಸುರರ ಮಾತು ಅವರ ಮನೆಯಲ್ಲಿ ಸರಿಯಾದ ಮಾತೇ ಆಗಿತ್ತಲ್ವಾ? ರ ಮತ್ತು ಲ ಅದಲುಬದಲಾದ ಪ್ರಾಕೃತಗಳು ಇದ್ದೇ ಇದ್ದವು. ಕೂರ್ ಊರಿನವರ ಪಾಡು ಅವರದೂ.

ಟ್ರೇನಿನ ಹಿರಿಯರ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವರಿಗೆ ಪದದ ಒಳಗೆ ಒಂದು ಊರಿದೆ ಅಂತ ಗೊತ್ತಿರಲಿಲ್ಲ. ಪರಿಚಯದ ಜರ್ಮನ್ನರನ್ನು ಕೇಳಿ ನೋಡಿದೆ. ಬಹಳ ಜನ ‘ವೇಲ್ಸ್‌ಗೆ ಏನೋ ಸಂಬಂಧ ಇರಬೇಕು’ ಅಂದರು.

ಆದರೆ ನಮ್ಮ ಮನೆಯಲ್ಲೇ ಈ ಪದದ ಪರೀಕ್ಷೆ ದಿನವೂ ನಡೆಯುತ್ತದೆ. ಜರ್ಮನಿಯ ಕನ್ನಡಿಗರ ಮಾತು ಕೇಳಿ. ‘ಅನ್‌ಮೆಲ್ಡುಂಗ್ ಆಯ್ತಾ?’ ‘ಟರ್ಮಿನ್ ಸಿಕ್ತಾ?’ ‘ನಾಳೆ ಕಿಟಾಗೆ ರಜ.’ ಅನ್‌ಮೆಲ್ಡುಂಗ್ ಅಂದರೆ ಹೊಸ ವಿಳಾಸವನ್ನು ಸರ್ಕಾರಿ ಕಚೇರಿಯಲ್ಲಿ ದಾಖಲಿಸುವುದು. ಟರ್ಮಿನ್ ಅಂದರೆ ಭೇಟಿಗೆ ಗೊತ್ತು ಮಾಡಿದ ಸಮಯ. ಕಿಟಾ ಅಂದರೆ ಶಿಶುವಿಹಾರ. ಮೊನ್ನೆ ಮಗಳು ಬಾಗಿಲ ಹತ್ತಿರ ನಿಂತು, ‘ಅಮ್ಮಾ, ನನ್ನ ಯಾಕನ ಆನ್‌ಜೀಯನ್ ಮಾಡು’ ಅಂದಳು. ಜಾಕೆಟ್ ಹಾಕು ಅಂತ. ಹೊರಗಿನವರಿಗೆ ಇದು ಅಪ್ಪಟ ಕೌಡರ್‌ವೆಲ್ಶ್. ಆದರೆ ಆ ವಾಕ್ಯ ನೋಡಿ. ‘ಯಾಕ’ ಜರ್ಮನ್. ಅದಕ್ಕೆ ಅಂಟಿದ ವಿಭಕ್ತಿ ಕನ್ನಡ. ‘ಆನ್‌ಜೀಯನ್’ ಜರ್ಮನ್ ಕ್ರಿಯಾಪದ, ಆದರೆ ಕೆಲಸ ಮಾಡುತ್ತಿರುವುದು ನಮ್ಮ ‘ಮಾಡು’. ಕ್ರಮವೂ ಕನ್ನಡದ್ದೇ. ಯಾರೂ ಕಲಿಸದೆ ಐದು ವರ್ಷದ ಮಗು ಈ ನಿಯಮಗಳನ್ನು ತಪ್ಪದೆ ಪಾಲಿಸುತ್ತದೆ. ಬೆಂಗಳೂರಿನಲ್ಲಿ ‘ಬಸ್ಸಿಗೆ ವೇಟ್ ಮಾಡ್ತಿದೀನಿ’ ಅನ್ನುವುದೂ ಇದೇ ಯಂತ್ರ.

ಕನ್ನಡವನ್ನು ಸದ್ದು ಅಂತ ಬಿಡದೆ ಕಿವಿಗೊಟ್ಟು ಕೇಳಿದ ಜರ್ಮನ್ನರೂ ಇದ್ದರು, ಅದನ್ನು ಮರೆಯಬಾರದು. ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ನಾನೀಗ ಇರುವ ಈ ವ್ಯುರ್ಟೆಂಬೆರ್ಗ್ ಸೀಮೆಯವನೇ. ಕಿಟೆಲ್ ಉತ್ತರದ ಕಡಲತೀರದವನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗನ್‌ನಲ್ಲಿ, ನಮ್ಮ ಮನೆಯಿಂದ ಟ್ರೇನಿನಲ್ಲಿ ಒಂದು ಗಂಟೆ ಕೂಡ ಇಲ್ಲ. ಅಷ್ಟೊಂದು ಪದಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡವನ ತಾಳ್ಮೆ ನೆನೆದರೆ ಕೈ ಮುಗಿಯುವ ಹಾಗಾಗುತ್ತದೆ.

ಇವತ್ತು ಜರ್ಮನಿಯ ಪುಸ್ತಕದಂಗಡಿಗಳಲ್ಲಿ ‘ಕೌಡರ್‌ವೆಲ್ಶ್’ ಎಂಬ ಹೆಸರಿನ ಜೇಬಿನ ಪುಸ್ತಕಗಳ ಸಾಲೇ ಇದೆ. ಪ್ರವಾಸಕ್ಕೆ ಹೋಗುವವರಿಗೆ ನೂರಕ್ಕೂ ಹೆಚ್ಚು ಭಾಷೆಗಳನ್ನು ಕಲಿಸುವ ಮಾಲೆ. ಅದರ ವಿಶೇಷ ಏನೆಂದರೆ, ಪರಭಾಷೆಯ ವಾಕ್ಯದ ಕೆಳಗೆ ಪದಕ್ಕೆ ಪದ ಜರ್ಮನ್ ಅರ್ಥ ಕೊಟ್ಟಿರುತ್ತಾರೆ. ತಲೆಯೂ ಕಾಣುತ್ತದೆ, ಬುಡವೂ ಕಾಣುತ್ತದೆ. ಆ ಪದಕ್ಕೆ ಇದಕ್ಕಿಂತ ಒಳ್ಳೆಯ ಬಳಕೆಯನ್ನು ನಾನು ಕಂಡಿಲ್ಲ.

ಕೂರ್‌ಗೆ ಹೋದಾಗ

ಈ ವಸಂತದಲ್ಲಿ ಕೂರ್ ನೋಡಿಬಂದೆ. ಜ್ಯೂರಿಕ್‌ನಿಂದ ಒಂದೂಕಾಲು ಗಂಟೆ. ದಾರಿಯಲ್ಲಿ ಎಡಕ್ಕೆ ಉದ್ದನೆಯ ಹಸಿರು ಕೆರೆ ಬರುತ್ತದೆ, ವಾಲನ್‌ಸೇ. ವಾಲನ್, ಅಂದರೆ ಮತ್ತೆ ಅದೇ ವೆಲ್ಶ್ ಜನ. ಒಂದು ಕಾಲಕ್ಕೆ ಇಲ್ಲಿಂದಾಚೆ ಮಾತು ಬದಲಾಗುತ್ತಿತ್ತು. ಕೆರೆಯಾಚೆ ಗರಗಸದ ಹಲ್ಲಿನ ಹಾಗೆ ಏಳುವ ಬೆಟ್ಟಸಾಲಿನ ಹೆಸರಲ್ಲೂ ಕೂರ್ ಇದೆ, ಕೂರ್‌ಫಿರ್ಸ್ಟನ್.

ಊರಿನಲ್ಲಿ ವೆಲ್ಶ್‌ಡ್ಯೋರ್‌ಫ್ಲಿ ಈಗಲೂ ಇದೆ. ನೀಲಿ ಬೀದಿಫಲಕ ನೋಡಿಕೊಂಡು ಹೋದೆ. ಈಗ ಅಲ್ಲಿ ಬಾರುಗಳು, ರಾತ್ರಿ ಹೊತ್ತು ಹುಡುಗರು ಸೇರುವ ಜಾಗ. ಹತ್ತಿರದಲ್ಲೇ ನೆಲ ಅಗೆದಾಗ ಸಿಕ್ಕ ರೋಮನ್ ಮನೆಗಳ ಗೋಡೆಗಳಿವೆ. 1986ರಲ್ಲಿ ಪೀಟರ್ ಜುಮ್‌ಥೋರ್ ಎಂಬ ವಾಸ್ತುಶಿಲ್ಪಿ ಅವುಗಳ ಮೇಲೆ ಮರದ ಪಟ್ಟಿಗಳ ಹೊದಿಕೆ ಕಟ್ಟಿದ್ದಾನೆ. ಪಟ್ಟಿಗಳ ಸಂದಿಯಿಂದ ಬೆಳಕು, ಗಾಳಿ, ಬೀದಿಯ ಸದ್ದು ಒಳಗೆ ಬರುತ್ತದೆ. ಎರಡು ಸಾವಿರ ವರ್ಷದ ಕಲ್ಲಿನ ಪಕ್ಕ ನಿಂತು ಹೊರಗಿನ ಮಾತು ಕೇಳಿಸಿಕೊಂಡೆ. ಕೇಳಿಸಿದ್ದೆಲ್ಲ ಸ್ವಿಸ್ ಜರ್ಮನ್.

ಆದರೆ ರೊಮಾನ್ಶ್ ಸತ್ತಿಲ್ಲ. 1938ರ ಫೆಬ್ರವರಿ 20ರಂದು ಸ್ವಿಟ್ಜರ್ಲೆಂಡಿನ ಮತದಾರರು ಅದನ್ನು ನಾಲ್ಕನೇ ರಾಷ್ಟ್ರಭಾಷೆ ಎಂದು ಒಪ್ಪಿದರು. ನೂರಕ್ಕೆ 90ಕ್ಕಿಂತ ಜಾಸ್ತಿ ಮತ ಪರವಾಗಿ ಬಿದ್ದವು. ಇಟಲಿಯ ಫ್ಯಾಸಿಸ್ಟರ ಕಡೆಯವರು ಅದು ಇಟಾಲಿಯನ್‌ನ ಒಂದು ಉಪಭಾಷೆ, ಆ ನೆಲವೂ ನಮ್ಮದೇ ಅನ್ನುತ್ತಿದ್ದ ಕಾಲ. ‘ಇಟಾಲಿಯನ್ನರೂ ಅಲ್ಲ, ಜರ್ಮನ್ನರೂ ಅಲ್ಲ, ರೊಮಾನ್ಶರಾಗಿಯೇ ಉಳಿಯುತ್ತೇವೆ’ ಎಂಬುದು ಕವಿ ಪೈದರ್ ಲಾನ್ಸೆಲ್‌ನ ಘೋಷಣೆ. 1982ರಲ್ಲಿ ಜ್ಯೂರಿಕ್‌ನ ವಿದ್ವಾಂಸ ಹೈನ್ರಿಷ್ ಷ್ಮಿಡ್ ಐದು ಬರಹದ ರೂಪಗಳಿಗೂ ನಡುವಿನ ಒಂದು ಸಾಮಾನ್ಯ ರೂಪ ರಚಿಸಿದ. 2000ದ ಜನಗಣತಿಯಲ್ಲಿ ಇದೇ ನಮ್ಮ ಮುಖ್ಯ ಭಾಷೆ ಅಂದವರು ಸುಮಾರು 35,000. ಬೇಲೂರು ತಾಲ್ಲೂಕಿನ ಜನರಿಗಿಂತ ಎಷ್ಟೋ ಕಡಿಮೆ. ಆದರೂ ಸ್ವಿಸ್ ನೋಟಿನ ಮೇಲೆ ಅದು ಅಚ್ಚಾಗುತ್ತದೆ. ನಮ್ಮ ನೋಟಿನ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿ ಮಗಳಿಗೆ ತೋರಿಸುವ ಹಾಗೆ, ಅಲ್ಲಿ ನಾನು ಹತ್ತು ಫ್ರಾಂಕಿನ ನೋಟಿನಲ್ಲಿ ‘ಬಾಂಕಾ ನತ್ಸಿಯುನಾಲಾ ಸ್ವಿಜ್ರಾ’ ಹುಡುಕಿದೆ. ರೊಮಾನ್ಶ್ ಬಾನುಲಿ ಮತ್ತು ಟೀವಿ, 1919ರಲ್ಲಿ ಹುಟ್ಟಿದ ಲಿಯಾ ರುಮಾಂಚಾ ಎಂಬ ಭಾಷಾ ಸಂಸ್ಥೆ, ಇವೆಲ್ಲ ಇರುವುದು ಕೂರ್‌ನಲ್ಲೇ. ಊರಗೋಡೆಯ ಹೊರಗಿದ್ದ ಭಾಷೆ ಊರೊಳಗೆ ಮನೆ ಮಾಡಿಕೊಂಡಿದೆ.

ವಾಪಸು ಹೊರಡುವಾಗ ಸ್ಟೇಷನ್ನಿನಲ್ಲಿ ಬೆಟ್ಟದ ಕಡೆ ಹೋಗುವ ಕೆಂಪು ಟ್ರೇನು ನಿಂತಿತ್ತು. ಅದರ ಬೋಗಿಯ ಮೇಲೆ ಕಂಪನಿಯ ಹೆಸರನ್ನು ರೊಮಾನ್ಶ್‌ನಲ್ಲೂ ಬರೆದಿರುತ್ತಾರೆ: ‘ವಿಯಾಫಿಯರ್ ರೇಟಿಕಾ’. ಮಗಳು ಅಕ್ಷರ ಕೂಡಿಸಿ ಓದಿದಳು. ‘ಹಾಗಂದ್ರೇನು?’ ಅಂದಳು. ‘ವಿಯಾ’ ಅಂದರೆ ದಾರಿ, ‘ಫಿಯರ್’ ಅಂದರೆ ಕಬ್ಬಿಣ. ಕಬ್ಬಿಣದ ದಾರಿ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಐಸನ್‌ಬಾನ್!’ ಅಂದಳು. ರೈಲಿಗೆ ಜರ್ಮನ್‌ನಲ್ಲಿ ಅದೇ ಹೆಸರು. ಐಸನ್ ಅಂದರೆ ಕಬ್ಬಿಣ, ಬಾನ್ ಅಂದರೆ ದಾರಿ.